ಬೈಕ್ ಇಳಿದ ರೈಟರ್

ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿದೆ. ನನಗೂ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಅಡುಗೆಮನೆಯಲ್ಲಿ ಆದ ಮೊದಲ ಬದಲಾವಣೆ ಇದು. ಆ ಮಣ್ಣಿನಂಥ ವಾಸನೆ ಮೂಗಿಗೆ ಬಡಿದ ಕೂಡಲೇ ಹಾನುಬಾಳು ಕಡೆಯ ಕಾಫಿ ಎಸ್ಟೇಟಿನ ನಮ್ಮ ರೈಟರ್ ಕಣ್ಣೆದುರು ಬಂದರು, ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ಮುಖ ಕಿವುಚುತ್ತ. ಪೂರ್ತಿ ಬರಲಿಲ್ಲ. ಕೈ ಬಂತು, ಡಬ್ಬಿ ಬಂತು; ಮುಖದ ಜಾಗದಲ್ಲಿ ಬೇರೆ ಯಾರದೋ ಮುಖ... ಸ್ವಲ್ಪ ಹೊತ್ತಿನ ಮೇಲೆ ಸರಿಹೋಯಿತು. ನನ್ನ ನೆನಪಿನ ಯೋಗ್ಯತೆ ಇಷ್ಟೇ. ಮುಂದೆ ಬರೆಯುವುದೆಲ್ಲ ಇದೇ ಕ್ರಮದಲ್ಲಿ ನಡೆಯಿತೆಂದು ಆಣೆ ಮಾಡಲಾರೆ.

ಆಗ ನಾನು ಆ ಎಸ್ಟೇಟಿನ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಆಳುಗಳಿಗೆ ಕೆಲಸ ಹಂಚಿ, ಅದು ಆಯಿತೋ ಇಲ್ಲವೋ ಎಂದು ತೋಟ ಸುತ್ತಿ ನೋಡುವುದು ರೈಟರ ಕೆಲಸ. ಸುತ್ತುವುದೆಂದರೆ ಬೈಕಿನಲ್ಲಿ. ಹತ್ತು ಹೆಜ್ಜೆ ದೂರದ ಪಂಪ್‌ಹೌಸಿಗೂ ಅವರು ಬೈಕು ಹತ್ತಿಯೇ ಹೋಗುತ್ತಿದ್ದರು. ಹೊಟ್ಟೆ ಪೆಟ್ರೋಲ್ ಟ್ಯಾಂಕಿನ ಮೇಲೆ ಆರಾಮಾಗಿ ಕುಳಿತಿರುತ್ತಿತ್ತು.

ಕಾಫಿ ಹಣ್ಣಿನ ಕೊಯ್ಲು ಶುರುವಾದ ಹೊತ್ತಿಗೆ ಸಕಲೇಶಪುರದ ಡಾಕ್ಟರು ಅವರಿಗೆ ಕಟ್ಟುನಿಟ್ಟಾಗಿ ಹೇಳಿಬಿಟ್ಟರು: ಮಾತ್ರೆ ನುಂಗಿದರಷ್ಟೇ ಸಾಲದು, ತೂಕ ಇಳಿಸಬೇಕು, ಊಟ ಬದಲಾಯಿಸಬೇಕು, ದಿನವೂ ಬಿರುಸಾಗಿ ನಡೆಯಬೇಕು, ಕೊಯ್ಲು ಮುಗಿಯುವಷ್ಟರಲ್ಲಿ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್. ಜಿಗಣೆ ಕಚ್ಚಿ ಕಾಲೆಲ್ಲ ರಕ್ತವಾದರೂ ತಲೆ ಕೆಡಿಸಿಕೊಳ್ಳದ ಮನುಷ್ಯ ಸೂಜಿಯ ಹೆಸರು ಕೇಳಿದರೆ ಬಿಳಿಚಿಕೊಳ್ಳುತ್ತಿದ್ದರು. ಮಾರನೆಯ ದಿನವೇ ಬೈಕಿಗೆ ಟಾರ್ಪಾಲು ಹೊದಿಸಿ ನನ್ನ ಸ್ಟೋರಿನಲ್ಲಿ ತಂದು ನಿಲ್ಲಿಸಿದರು. ಬೆಳಿಗ್ಗೆ ರಾಶಿ ಹಾಕಿಕೊಂಡು ತಿನ್ನುತ್ತಿದ್ದ ಕಡುಬು ಒಂದಕ್ಕೆ ಇಳಿಯಿತು. ಉಳಿದ ತಟ್ಟೆಯನ್ನು ಸೊಪ್ಪು, ಬೀನ್ಸು, ಹುರುಳಿ ಹಿಡಿದುಕೊಂಡವು.

ತೊಂದರೆಯಾದದ್ದು ಕೊಯ್ಲಿನ ಹೆಂಗಸರಿಗೆ. ತಿರುವಿನಲ್ಲಿ ಬೈಕಿನ ಸದ್ದು ಕೇಳಿದರೆ, ಕುಳಿತವರು ಎದ್ದು, ಸೆರಗು ಸಿಕ್ಕಿಸಿ, ಗಿಡಕ್ಕೆ ಕೈ ಹಾಕುವಷ್ಟು ಸಮಯ ಸಿಗುತ್ತಿತ್ತು. ಅಲ್ಲಿಗೆ ಬಂದಾಗ ರೈಟರ್ ಬೇಕೆಂದೇ ಆಕ್ಸಿಲರೇಟರ್ ಒಂದು ಸುತ್ತು ಜಾಸ್ತಿ ತಿರುಗಿಸುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅದನ್ನು ಗಮನಿಸಿದ್ದೆನೋ, ಈಗ ನಾನೇ ಸೇರಿಸುತ್ತಿದ್ದೇನೋ... ಅಂತೂ ಈಗ ಅವರು ಸದ್ದಿಲ್ಲದೆ ಗಿಡಗಳ ಸಂದಿಯಿಂದ ಬಂದು ನಿಲ್ಲತೊಡಗಿದರು. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಕಾಲು ಚಾಚಿದವರೆಲ್ಲ ಸಿಕ್ಕಿಬಿದ್ದರು.

ಆ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಾಕೆ ಒಂದು ಮಧ್ಯಾಹ್ನ ಕೇಳಿಯೇಬಿಟ್ಟಳು.

"ಏನ್ ರೈಟ್ರೇ, ಕಳ್ಳನಂಗೆ ಬಂದ್ಬುಡ್ತೀರಲ್ಲ? ಬೈಕ್ ಮಾರ್ಬುಟ್ರಾ?"

"ಶುಗರ್ ಬಂದೈತೆ ಕಣಮ್ಮ. ನಡೀಬೇಕಂತೆ."

"ನಿಮ್ಗೆ ಶುಗರ್ ಬಂದ್ರೆ ನಮ್ಗ್ಯಾಕೆ ಶಿಕ್ಷೆ? ಕುತ್ಗೆಗೆ ಒಂದು ಗಂಟೆನಾದ್ರೂ ಕಟ್ಕಳಿ."

"ನಾನೇನು ಎಮ್ಮೆನಾ?"

"ಎಮ್ಮೆ ಆಗಿದ್ರೆ ಹಾಲಾದ್ರೂ ಕೊಡ್ತಿತ್ತು."

ತೋಟವೆಲ್ಲ ನಕ್ಕಿತು. ರೈಟರೂ ನಕ್ಕರು. ಗಂಟೆ ಬೇಡ, ಹಾಡಿಕೊಂಡು ಬರುತ್ತೇನೆ ಎಂದು ಒಪ್ಪಂದವಾಯಿತು. ಅವರ ರಾಗ ಕೇಳಿ ಸಿಲ್ವರ್ ಮರದ ಹಕ್ಕಿಗಳು ಪಕ್ಕದ ಎಸ್ಟೇಟಿಗೆ ಹೋದವು ಎಂದು ಹೆಂಗಸರು ಹೇಳುತ್ತಿದ್ದರು. ಆದರೆ ಮುಂದಿನ ಸಲ ಸಕಲೇಶಪುರಕ್ಕೆ ಹೋದಾಗ ಡಾಕ್ಟರು ಈ ಏರ್ಪಾಡನ್ನು ತಳ್ಳಿಹಾಕಿದರು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲು ಉಸಿರು ಉಳಿದಿದೆ ಎಂದರೆ ನೀವು ನಡೆಯುತ್ತಿರುವುದು ನಿಧಾನ ಎಂದರಂತೆ.

ರೈಟರ್ ಬಂದು ಹಿರಿಯಾಕೆಗೆ ವಿಷಯ ಒಪ್ಪಿಸಿದರು. ಆಕೆ ಯೋಚಿಸಿ, "ಹಂಗಾದ್ರೆ ಬೈಯ್ಕಂಡು ಬನ್ನಿ. ಅದು ನಿಮ್ಗೆ ಅಭ್ಯಾಸ ಐತಲ್ಲ" ಎಂದಳು.

ಅಂದಿನಿಂದ ಅವರು ಬಿರುಸಾಗಿ ಹೆಜ್ಜೆ ಹಾಕುತ್ತ, ಸಿಕ್ಕಿದ್ದನ್ನೆಲ್ಲ ಬೈಯುತ್ತ ಬರುತ್ತಿದ್ದರು. ಮಂಗ, ಕಾಡುಹಂದಿ, ಕಾಫಿ ರೇಟು, ಕೆಟ್ಟುನಿಂತ ಪಂಪು, ಕೊನೆಗೆ ತಮ್ಮ ಹೊಟ್ಟೆ. ಮನುಷ್ಯರನ್ನು ಮಾತ್ರ ಬೈಯುವುದು ಕಡಿಮೆಯಾಯಿತು. ಉಸಿರು ಅಷ್ಟಕ್ಕೇ ಖರ್ಚಾಗುತ್ತಿತ್ತೇನೋ. ಆಳುಗಳ ಲೈನಿನ ಮನೆಯಲ್ಲಿ ಒಂದು ನಾಮಕರಣವಾದಾಗ ವಾಡಿಕೆಯಂತೆ ಮೊದಲ ಎಲೆ ಅವರಿಗೇ ಹಾಕಿದರು. ಎಲೆಯ ತುಂಬ ಪಲ್ಯ. ಪಾಯಸದ ಬಕೆಟ್ಟು ಹಿಡಿದ ಹಿರಿಯಾಕೆ ಅವರೆದುರು ಮಾತ್ರ ಸರಸರನೆ ದಾಟಿಹೋದಳು. "ವಾಸ್ನೆನಾದ್ರೂ ತೋರ್ಸೇ!" ಎಂದು ರೈಟರ್ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಅಥವಾ ಕೂಗಿದ್ದು ನಾನೋ?

ಕೊಯ್ಲು ಮುಗಿಯುತ್ತ ಬಂತು. ಬೆಲ್ಟಿನ ಕೊನೆಯ ತೂತಿಗೂ ಪ್ಯಾಂಟು ನಿಲ್ಲದೆ ರೈಟರ್ ಗೋಣಿ ದಾರ ಕಟ್ಟಿಕೊಂಡಿದ್ದರು. ಕಳೆದ ಕೆಲವು ತಿಂಗಳ ಸಕ್ಕರೆ ಹೇಗಿತ್ತೆಂದು ಹೇಳುವ ರಕ್ತಪರೀಕ್ಷೆ ಆಗಿತ್ತು. ಅದರ ಫಲಿತಾಂಶ ಕೇಳಲು ಒಂದು ಬೆಳಿಗ್ಗೆ ಬಸ್ಸು ಹತ್ತಿದರು. ಆ ದಿನ ಯಾರಿಗೂ ಕೆಲಸದ ಮೇಲೆ ಮನಸ್ಸಿರಲಿಲ್ಲ. ಮಧ್ಯಾಹ್ನ ಚೀಲ ಎತ್ತಿಸಲು ನಾನು ತೋಟಕ್ಕೆ ಹೋದಾಗ ಎಲ್ಲರೂ ಕುಳಿತಿದ್ದರು. ಎಲ್ಲರೂ ತಿರುವಿನ ಕಡೆ ಕಿವಿ ಕೊಟ್ಟಿದ್ದರು. ಬೈಗುಳ ಕೇಳಲಿಲ್ಲ.

ರೈಟರ್ ಸದ್ದಿಲ್ಲದೆ ಬಂದು ಎದುರಿಗೆ ನಿಂತರು. ಮುಖ ಕೆಂಪಗಿತ್ತು. ಬಾಯಿ ತೆರೆದಿತ್ತು. ಯಾರೂ ಏಳಲಿಲ್ಲ.

"ಸೂಜಿ ಹಾಕ್ಬುಟ್ರಾ ರೈಟ್ರೇ?" ಹಿರಿಯಾಕೆಯ ದನಿ ಇಳಿದಿತ್ತು.

ಅವರು ತಡಿ ಎಂಬಂತೆ ಕೈ ಎತ್ತಿದರು. ಬಸ್ಸಿಳಿದ ಜಾಗದಿಂದ ಆ ಏರನ್ನು ಓಡಿಯೇ ಹತ್ತಿದ್ದರು. ಬೈಯುವುದಕ್ಕೂ ಉಸಿರು ಉಳಿದಿರಲಿಲ್ಲ.

"ಬ್ಯಾಡ್ವಂತೆ... ಸೂಜಿ ಬ್ಯಾಡ್ವಂತೆ ಕಣ್ರೇ... ಮಾತ್ರೆನೂ ಕಮ್ಮಿ ಮಾಡವ್ರೆ."

ಹಾಗೆಂದು ಹಣ್ಣಿನ ಚೀಲದ ಮೇಲೆ ಧೊಪ್ಪನೆ ಕುಳಿತರು. ಎಷ್ಟು ಹೊತ್ತು ಕುಳಿತಿದ್ದೆವೋ ತಿಳಿಯದು. ಕೊನೆಗೆ ಹಿರಿಯಾಕೆಯೇ ಎದ್ದು, "ಏಳ್ರೇ, ರೈಟ್ರು ಕುಂತವ್ರೆ ಅಂತ ನಾವೂ ಕುಂತ್ರೆ ಹಣ್ಣು ಯಾರ್ ಕುಯ್ಯದು?" ಎಂದು ಎಲ್ಲರನ್ನೂ ಎಬ್ಬಿಸಿದಳು.

"ಕಾಯ್ಲೆ ಹೋಗಿಲ್ಲ ಮಾರಾಯ, ಮೂಲೇಲಿ ಕುಂತೈತೆ" ಎಂದು ಅವರು ಆಮೇಲೂ ಹೇಳುತ್ತಿದ್ದರು. ನಡಿಗೆ ಬಿಡಲಿಲ್ಲ, ತಪಾಸಣೆಯನ್ನೂ ಬಿಡಲಿಲ್ಲ. ವಯಸ್ಸಾಗಿ ಕೆಲಸ ಬಿಟ್ಟವರು ಆಲೂರಿನಾಚೆಯ ತಮ್ಮ ಊರಿಗೆ ಹೋದರು. ಹೋದ ಮಳೆಗಾಲದಲ್ಲಿ ಯಾವುದೋ ಜ್ವರ ಬಂದು ತೀರಿಕೊಂಡರಂತೆ. ನನಗೆ ಸುದ್ದಿ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ನಡೆಯಲು ಯಾರಾದರೂ ಜೊತೆಗಿದ್ದರೆ ಒಳ್ಳೆಯದು ಎಂದು ನಿನ್ನೆ ಡಾಕ್ಟರು ಹೇಳಿದರು. ಊರಿನವರನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ಕರೆದು ನೋಡಿದೆ. ಎಲ್ಲರಿಗೂ ಏನೋ ಒಂದು ಕೆಲಸವಿದೆ. ಕೇಳಿದ ತಕ್ಷಣ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದವರು ರೈಟರ್ ಒಬ್ಬರೇ. ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಸುಮ್ಮನೆ ಸ್ವಲ್ಪ ಹೊತ್ತು ನಿಂತಿದ್ದೆ... ಆಮೇಲೆ ಒಬ್ಬನೇ ನಡೆದೆ.