ವಿಮಲಾ ಟೀಚರ್ ಮನೆಯ ಸುಮಿತ್ರಾ ಮೇಡಂ

ತಲೆಯ ಮೇಲೆ ವಿಮಾನ ಹಾದಾಗ ನಾವೆಲ್ಲ ಕಿವಿ ಮುಚ್ಚಿಕೊಂಡರೆ, ಸುಮಿತ್ರಾ ಮೇಡಂ ದನಿ ಏರಿಸಿ ಪಾಠ ಮುಂದುವರಿಸುತ್ತಿದ್ದರು. ದೇವನಹಳ್ಳಿಯ ನಮ್ಮ ಬಿ.ಎಡ್. ಕಾಲೇಜಿನಲ್ಲಿ ಮನೋವಿಜ್ಞಾನ ಹೇಳಿಕೊಡುತ್ತಿದ್ದವರು ಅವರು. ಏರ್‌ಪೋರ್ಟ್ ಶುರುವಾಗಿ ಕೆಲವೇ ವರ್ಷಗಳಾಗಿದ್ದವು.

ಪುಸ್ತಕದಲ್ಲಿ ಇಲ್ಲದ ಒಂದು ಪಾಠವನ್ನು ಅವರು ಶನಿವಾರದ ಕೊನೆಯ ಪೀರಿಯಡ್ಡಿಗೆ ಇಟ್ಟುಕೊಂಡಿದ್ದರು. ಬೋರ್ಡಿನ ಮೇಲೆ ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಎಂದು ದಪ್ಪಕ್ಷರದಲ್ಲಿ ಬರೆದು, "ನಿಮ್ಮ ಕ್ಲಾಸಲ್ಲೂ ಇಂಥ ಮಕ್ಕಳು ಇರ್ತಾರೆ. ನೀವು ಯಾವ ತರ ಮೇಷ್ಟ್ರು ಅಂತ ಅವರು ದೂರದಿಂದ್ಲೇ ನೋಡ್ತಿರ್ತಾರೆ," ಎಂದರು. ಅರ್ಧ ತರಗತಿ ಕಿಟಕಿಯಾಚೆ ನೋಡುತ್ತಿತ್ತು.

ಬೋಧನಾಭ್ಯಾಸಕ್ಕೆ ಹೋಗಿ ಬಂದಿದ್ದ ಲೋಕೇಶ ಒಮ್ಮೆ, "ಒಬ್ಬ ಹುಡುಗ ಹೆಣ್ಮಕ್ಕಳ ತರ ನಡೀತಾನೆ ಮೇಡಂ. ಹುಡುಗ್ರೆಲ್ಲ ನಕ್ರು, ನಂಗೂ ನಗು ಬಂದ್ಬಿಡ್ತು," ಎಂದ.

"ಹುಡುಗ್ರು ನಕ್ಕಿದ್ದನ್ನ ಅವ್ನು ಮರೆತ್ರೂ ಮರೀಬಹುದು," ಎಂದರು ಮೇಡಂ. "ಮೇಷ್ಟ್ರು ನಕ್ಕಿದ್ದನ್ನ ಮರೆಯಲ್ಲ ಕಣಪ್ಪ."

ಮಗುವೇ ಬಂದು ಹೇಳಿಕೊಂಡರೆ ಏನು ಮಾಡಬೇಕೆಂದು ನಾನು ಕೇಳಿದೆ.

"ಕೂರ್ಸು. ನೀರು ಕೊಡು. ನನ್ ಹತ್ರ ಹೇಳಿದ್ದು ಒಳ್ಳೇದಾಯ್ತು ಅನ್ನು. ಅವರಪ್ಪನಿಗೆ ಫೋನ್ ಮಾಡೋಕೆ ಓಡ್ಬೇಡ. ಎಷ್ಟೋ ಮಕ್ಕಳಿಗೆ ಮನೇಲೇ ಹೆಚ್ಚು ಭಯ."

ಜಡಿಗೇನಹಳ್ಳಿಯಿಂದ ಬಂದಿದ್ದ ನಾನು ಮೇಡಂ ಇದ್ದ ಬೀದಿಯಲ್ಲೇ ರೂಮು ಮಾಡಿದ್ದೆ. ಅವರ ಮನೆಯಲ್ಲಿ ಪ್ರೈಮರಿ ಶಾಲೆಯ ವಿಮಲಾ ಟೀಚರ್ ಕೂಡ ಇದ್ದರು. ಭಾನುವಾರ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. "ಏನೇ ಸುಮಿ, ಇದು ಸಾರೋ ಸಮುದ್ರವೋ?" ಎಂದು ವಿಮಲಾ ಟೀಚರ್ ರೇಗಿಸುತ್ತಿದ್ದರು. ಕಾಲೇಜಿನಲ್ಲಿ ಗುಡುಗುತ್ತಿದ್ದ ಮೇಡಂ ಅಲ್ಲಿ ನಾಚಿಕೊಂಡು ನಗುತ್ತಿದ್ದರು. ಗೆಳತಿಯರು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಕಾಲೇಜಿಗೆ ಫೋನು ಬಂತು. ವಿಮಲಾ ಟೀಚರ್ ಶಾಲೆಯಲ್ಲೇ ಕುಸಿದು ತೀರಿಕೊಂಡಿದ್ದರು. ಅವರಣ್ಣ ಹೆಣವನ್ನು ಮಾಕಳಿದುರ್ಗದ ಹತ್ತಿರದ ತಮ್ಮ ಊರಿಗೆ ಒಯ್ದಿದ್ದ. ಮೇಡಂ ರಜೆ ಕೇಳಿದಾಗ ನಾನು ಅಲ್ಲೇ ಇದ್ದೆ.

"ಅವರು ನಿಮಗೇನಾಗ್ಬೇಕು?" ಎಂದರು ಪ್ರಿನ್ಸಿಪಾಲರು.

"ಸ್ನೇಹಿತೆ," ಎಂದರು ಮೇಡಂ.

"ಹಾಗಾದ್ರೆ ಹೋಗಿ ನೋಡ್ಕೊಂಡು, ನಾಳೆ ಕ್ಲಾಸಿಗೆ ಬಂದ್ಬಿಡಿ."

ಅವರನ್ನು ಒಬ್ಬರೇ ಕಳಿಸಲು ಮನಸ್ಸಾಗದೆ ನಾನೂ ಜೊತೆಗೆ ಹೋದೆ. ಹೆಣಕ್ಕೆ ಹಸಿರು ಸೀರೆ ಉಡಿಸಿ, ಹೆಂಗಸರು ಸುತ್ತ ಕೂತು ಅಳುತ್ತಿದ್ದರು. ಮೇಡಂ ಅಂಗಳದ ಅಂಚಿನಲ್ಲಿ, ಚಪ್ಪಲಿಗಳ ಪಕ್ಕದಲ್ಲೇ ನಿಂತುಬಿಟ್ಟರು.

"ನೀವು ಯಾರಮ್ಮ?" ಎಂದು ಒಬ್ಬಾಕೆ ಕೇಳಿದಳು.

"ಒಂದೇ ಮನೇಲಿ ಬಾಡಿಗೆಗಿದ್ವಿ," ಎಂದರು. ಪಕ್ಕದಲ್ಲಿದ್ದ ನನಗೇ ಕಷ್ಟದಿಂದ ಕೇಳಿಸಿತು, ಅಷ್ಟು ಮೆಲ್ಲಗೆ.

ಹೆಣ ಎತ್ತುವಾಗ ಮೇಡಂ ಎರಡು ಹೆಜ್ಜೆ ಮುಂದೆ ಹೋದರು. ಯಾರೋ, "ಮನೆಯವರು ಮಾತ್ರ ಬನ್ನಿ," ಎಂದು ಕೂಗಿದರು. ಮೇಡಂ ಹಿಂದಕ್ಕೆ ಸರಿದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಬಾಯಿಬಿಟ್ಟರು. "ನಾವು ಬರೀ ಸ್ನೇಹಿತೆಯರಲ್ಲ ಕಣಮ್ಮ." ನಾನು ಅವರ ಕೈ ಹಿಡಿದುಕೊಂಡೆ. "ಆ ಹಸಿರು ಸೀರೆ ಅವಳಿಗೆ ಆಗ್ತಾನೇ ಇರ್ಲಿಲ್ಲ. ಬೇರೆ ಉಡ್ಸಿ ಅಂತ ಹೇಳಕ್ಕೂ ಆಗ್ಲಿಲ್ಲ ನಂಗೆ."

ಮರುದಿನ ತರಗತಿಗೆ ಬಂದು ಪಾಠ ಮಾಡಿದರು. ಯಾರಿಗೂ ಏನೂ ತಿಳಿಯಲಿಲ್ಲ.

ಕೆಲವು ದಿನಗಳ ಮೇಲೆ ವಿಮಲಾ ಟೀಚರ ಅಣ್ಣ ಬಂದು, ತಂಗಿಯದೆಂದು ತೋಚಿದ್ದನ್ನೆಲ್ಲ ಟೆಂಪೋಗೆ ಹೇರಿಸಿಕೊಂಡು ಹೋದ. ಮೇಡಂ ಯಾವುದಕ್ಕೂ ಅಡ್ಡ ಹೇಳಲಿಲ್ಲ. ನಮ್ಮ ಪರೀಕ್ಷೆ ಮುಗಿಯುತ್ತಲೇ ಕೆಲಸ ಬಿಟ್ಟು ಕೋಲಾರದ ತಂಗಿಯ ಮನೆಗೆ ಹೊರಟರು.

ಬಸ್ ಸ್ಟ್ಯಾಂಡಿಗೆ ಬಿಡಲು ಹೋಗಿದ್ದೆ. "ಒಂದು ಶನಿವಾರ ಅವಳ ವಿಷಯ ನಿಮಗೆಲ್ಲ ಹೇಳ್ಬೇಕು ಅಂದ್ಕೊಂಡಿದ್ದೆ," ಎಂದರು. "ಧೈರ್ಯ ಬರ್ಲಿಲ್ಲ. ನಾನಿರೋವರೆಗೂ ನೀನೂ ಹೇಳ್ಬೇಡ. ಆಮೇಲೆ ಹೇಳು. ಟೀಚರ್ ಆಗೋರಿಗೆ ಹೇಳು." ಬಸ್ಸು ಹತ್ತಿ, ಆಚೆ ಬದಿಯ ಸೀಟಿನಲ್ಲಿ ಕೂತರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಹೋದ ವರ್ಷ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಹೋದ ಸುದ್ದಿ ಬಂತು. ಸುದ್ದಿಯ ಕೆಳಗೆ ಲೋಕೇಶ ಬರೆದಿದ್ದ: "ಪಾಪ, ಮದುವೆ ಆಗಲಿಲ್ಲ. ತಮ್ಮವರು ಅಂತ ಅವರಿಗೆ ಯಾರೂ ಇರಲಿಲ್ಲ."

ನಾನು ಬರೆದೆ: "ಇದ್ದರು. ವಿಮಲಾ ಅಂತ."