ಡಬ್ಬಿಯೊಳಗಿನ ಕಿತ್ತಳೆ ಸಿಪ್ಪೆ

ನಮ್ಮ ಮಾವನವರು ನನ್ನ ಅಡುಗೆಯನ್ನು ಬಾಯಿಗಿಂತ ಮೊದಲು ಮೂಗಿನಿಂದ ಉಣ್ಣುತ್ತಿದ್ದರು. ವರಾಂಡದಲ್ಲಿ ಪೇಪರು ಹಿಡಿದು ಕೂತಲ್ಲಿಂದಲೇ, “ಯವ್ವಾ, ಬ್ಯಾಳಿಗೆ ಇಂಗು ಹಾಕಿಲ್ಲಲ್ಲ” ಎನ್ನುವರು. ನಾನು ಅಡುಗೆಮನೆಯಲ್ಲಿ ಹಲ್ಲು ಕಚ್ಚಿಕೊಂಡು ಇಂಗಿನ ಡಬ್ಬಿ ತೆಗೆಯುತ್ತಿದ್ದೆ. ಮೆಂತ್ಯೆ ಒಂದು ಕಾಳು ಕಪ್ಪಾದರೂ ಅವರಿಗೆ ಗೊತ್ತಾಗುತ್ತಿತ್ತು. ಮದುವೆಯಾಗಿ ನಾಗಪುರದ ಧರಮಪೇಠದಲ್ಲಿದ್ದ ಆ ಬಾಡಿಗೆ ಮನೆಗೆ ಬಂದ ಹೊಸತು. ಅತ್ತೆ ಇಲ್ಲದ ಮನೆ ಎಂದು ತವರಿನವರೆಲ್ಲ ನನ್ನ ಅದೃಷ್ಟ ಹೊಗಳಿ ಕಳಿಸಿದ್ದರು. ಅತ್ತೆ ಮಾಡುವ ಕೆಲಸವನ್ನು ಮಾವನ ಮೂಗೇ ಮಾಡುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ನನ್ನ ಗಂಡ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಮಾವನವರು ಇಬ್ಬರೇ. ಅವರು ಹುಬ್ಬಳ್ಳಿ ಕಡೆ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾಗಿದ್ದರು. ಮಗನ ಹಿಂದೆ ಈ ಊರಿಗೆ ಬಂದ ಮೇಲೆ ಅವರಿಗೆ ಉಳಿದಿದ್ದ ಒಂದೇ ಶೋಕಿ ಎಂದರೆ ಸಿಗಾರು. ಚಟವೆಂದರೆ ಸಿಟ್ಟಾಗುತ್ತಿದ್ದರು. ದಿನವೂ ಸೇದುವವನು ಚಟಗಾರ, ವಾರಕ್ಕೊಮ್ಮೆ ಎರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಿ ನೋಡುವವನು ರಸಿಕ ಎಂಬುದು ಅವರ ವಾದ. ವಾರದ ಉಳಿದ ದಿನ ಅವರು ಕಡ್ಡಿ ಗೀರುತ್ತಿರಲಿಲ್ಲ ಎನ್ನುವುದೂ ನಿಜ.

ಭಾನುವಾರ ಬೆಳಿಗ್ಗೆ ನಮ್ಮ ಹಿಂದಿನ ವರಾಂಡದಲ್ಲಿ ಮೂರು ಕುರ್ಚಿ ಬೀಳುತ್ತಿದ್ದವು. ಒಂದು ಮಾವನವರದು. ಇನ್ನೊಂದು ವಾಯುಪಡೆಯ ಅಧಿಕಾರಿಯೊಬ್ಬರದು. ಮೈಸೂರಿನವರು, ತರಬೇತಿಗೆಂದು ರಷ್ಯಾಕ್ಕೆ ಹೋಗಿಬಂದವರು, ಅಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಹವಾನಾ ಸಿಗಾರುಗಳ ಪೆಟ್ಟಿಗೆ ತಂದಿಟ್ಟುಕೊಂಡವರು. ಮೂರನೆಯದು ಪಕ್ಕದ ಮನೆಯ ಮರಾಠಿ ಮೇಷ್ಟರದು. ಅವರಿಗೆ ಸಿಗಾರಿನ ಗಂಧಗಾಳಿಯೂ ಗೊತ್ತಿರಲಿಲ್ಲ. ಯಾರು ಏನೇ ಹೇಳಲಿ, “ಬರೋಬರ್, ಬರೋಬರ್” ಎಂದು ತಲೆಯಾಡಿಸುವುದು ಅವರ ಪಾಲಿನ ಕೆಲಸ.

ಸಿಗಾರು ಒಂದು, ಬಾಯಿ ಮೂರು. ಅದಕ್ಕೆ ಮಾವನವರು ಕಂಡುಕೊಂಡ ದಾರಿ ನೋಡಿ ಮೈಸೂರಿನವರು ಮೊದಲ ಸಲ ಕುರ್ಚಿಯಿಂದ ಎದ್ದೇಬಿಟ್ಟಿದ್ದರಂತೆ. ಎಲೆಯಡಿಕೆ ತಟ್ಟೆಯಿಂದ ಅಡಕತ್ತರಿ ತೆಗೆದು ಹವಾನಾವನ್ನು ಕಟಕ್ ಕಟಕ್ ಎಂದು ಮೂರು ತುಂಡು ಮಾಡಿದ್ದರು.

“ಸಾರ್, ಇದನ್ನ ಹೀಗೆಲ್ಲಾ ಕಡಿಯೋ ಹಾಗಿಲ್ಲ.”

“ಮತ್ತ ಹೆಂಗ ಹಂಚ್ಕೋಬೇಕ್ರಿ? ಒಬ್ಬರ ಎಂಜಲಾ ಒಬ್ಬರು ಸೇದೋದೇನ?”

ನಾನು ಮದುವೆಯಾಗಿ ಬರುವ ಹೊತ್ತಿಗೆ ಮೈಸೂರಿನವರೇ ಅಡಕತ್ತರಿಗೆ ಕೈ ಚಾಚುವಷ್ಟು ಪಳಗಿದ್ದರು.

ಈ ಪಂಗಡಕ್ಕೆ ನಾನು ಸೇರಿದ್ದು ತವರಿನ ಕಾರಣಕ್ಕೆ. ನಾನು ನಿಪ್ಪಾಣಿಯವಳು. ನಮ್ಮಪ್ಪ ತಂಬಾಕಿನ ವಖಾರಿಯಲ್ಲಿ, ಚೀಲ ಒಟ್ಟುವ ಗೋದಾಮಿನಲ್ಲಿ, ಕೆಲಸಕ್ಕಿದ್ದ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿ, ಇದು ಯಾವ ಕಡೆಯ ಹೊಲದ್ದು, ಯಾವಾಗ ಮಳೆ ಹೊಡೆದದ್ದು ಎಂದು ಹೇಳುತ್ತಿದ್ದ. ಅವನ ಅಂಗಿಯ ವಾಸನೆಯಲ್ಲೇ ಬೆಳೆದವಳಿಗೆ ಹೊಸದಾಗಿ ಏನು ಕಲಿಯಬೇಕಿತ್ತು? ಒಂದು ಭಾನುವಾರ ಚಹಾ ಕೊಡಲು ಹೋದವಳು, “ಇದಕ್ಕ ಬೂಸ್ಟು ಹಿಡದೈತ್ರಿ” ಎಂದುಬಿಟ್ಟೆ. ಒಡೆದು ನೋಡಿದರೆ ಒಳಗೆ ಬೆಳ್ಳಗೆ ಬೂಸ್ಟು. ಅಂದಿನಿಂದ ನಾನು ಸಿಗಾರು ಸೇದದ ಮಧ್ಯಸ್ಥಳಾದೆ. ಸಿಗಾರುಗಳ ಕೊರಳಿನ ಕಾಗದದ ಉಂಗುರ ಬಿಚ್ಚುವುದು, ತುಂಡು ಮಾಡುವುದು, ಒಂದರ ತುಂಡುಗಳಿಗೆ ಹಸಿರು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟುವುದು, ಅದದೇ ಬಣ್ಣದ ದಾರವನ್ನು ಅದದರ ಉಂಗುರಕ್ಕೂ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡುವುದು ನನ್ನ ಕೆಲಸ. ಗಂಡಸರು ದಾರ ನೋಡಿ ಸೇದಿ ತೀರ್ಪು ಹೇಳಬೇಕು, ಆಮೇಲೆ ಡಬ್ಬಿ ತೆರೆಯಬೇಕು.

ವ್ಯಾಜ್ಯ ಯಾವಾಗಲೂ ಒಂದೇ. ಮಾವನವರದು ತಮಿಳುನಾಡಿನ ದಿಂಡಿಗಲ್ಲಿನ ಸಿಗಾರಿನ ಪಕ್ಷ. ಮದ್ರಾಸಿನಿಂದ ದಿಲ್ಲಿಗೆ ಹೋಗುವ ಗಾಡಿಗಳು ನಾಗಪುರದಲ್ಲಿ ನಿಲ್ಲುತ್ತವಲ್ಲ, ಹಳೆಯ ಗುರುತಿನ ಗಾರ್ಡುಗಳು ಕೈಯಿಂದ ಕೈಗೆ ದಾಟಿಸಿ ಅದನ್ನು ತಂದುಕೊಡುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ಲಾಟ್‌ಫಾರ್ಮಿಗೆ ಹೋಗಿ ಪೊಟ್ಟಣ ತರುವ ದಿನ ಅವರ ನಡಿಗೆಯೇ ಬೇರೆ. ಚೆನ್ನಾಗಿ ಜೋಪಾನ ಮಾಡಿದ ದಿಂಡಿಗಲ್ಲಿನ ಮುಂದೆ ಹವಾನಾ ಏನೂ ಅಲ್ಲ ಎಂದು ಅವರು, ಎಲ್ಲಾದರೂ ಉಂಟೇ ಎಂದು ಮೈಸೂರಿನವರು. ಆದರೆ ಅವರೂ ಎಷ್ಟೋ ಸಲ ದಿಂಡಿಗಲ್ಲಿನ ತುಂಡು ಮೂಸಿ, “ಏನೋ ಒಂದು ಹಣ್ಣಿನ ಘಮ ಇದೆ ಸಾರ್, ಒಪ್ಕೋಬೇಕು” ಎನ್ನುತ್ತಿದ್ದರು. ಮಾವನವರು ಮೀಸೆಯೊಳಗೆ ನಗುತ್ತಿದ್ದರು.

ಆ ಘಮದ ಗುಟ್ಟು ಅವರಿಗೂ ನನಗೂ ಮಾತ್ರ ಗೊತ್ತಿತ್ತು. ನಾಗಪುರದ ಬೇಸಿಗೆಯಲ್ಲಿ ಮನುಷ್ಯರ ತುಟಿಯೇ ಸೀಳುತ್ತದೆ, ಇನ್ನು ಸಿಗಾರಿನ ಎಲೆ ಎಷ್ಟರದು? ಮೇ ತಿಂಗಳಲ್ಲಿ ಡಬ್ಬಿಯನ್ನು ಕೂಲರಿನ ಮಗ್ಗುಲಿಗೆ ಇಡುತ್ತಿದ್ದರು. ಚಳಿಗಾಲದ ಒಣಗಾಳಿಗೆ ಅವರೇ ಕಂಡುಹಿಡಿದ ಮದ್ದು ಕಿತ್ತಳೆ ಸಿಪ್ಪೆ. ಊರತುಂಬ ಕಿತ್ತಳೆ, ಸಿಪ್ಪೆಗೇನು ಬರ? ಹಸಿ ಸಿಪ್ಪೆಯನ್ನು ಬಟ್ಟೆಯಲ್ಲಿ ಕಟ್ಟಿ ಡಬ್ಬಿಯಲ್ಲಿಟ್ಟರೆ ಎಲೆ ಮೆತ್ತಗಿರುತ್ತಿತ್ತು. ಸಿಗಾರು ಬಲ್ಲ ಯಾರೂ ಮಾಡದ ಕೆಲಸ ಅದು. ನಮ್ಮಪ್ಪ ನೋಡಿದ್ದರೆ ನಮ್ಮಿಬ್ಬರನ್ನೂ ವಖಾರಿಯಿಂದ ಹೊರಗೆ ಹಾಕುತ್ತಿದ್ದ.

ಒಂದು ವರ್ಷ ಮಳೆ ನಿಲ್ಲುವ ಹೊತ್ತಿಗೆ ಮಾವನವರಿಗೆ ಕೆಟ್ಟ ಜ್ವರ ಬಂತು. ಹಾಸಿಗೆ ಹಿಡಿದರು, ಸೊರಗಿದರು, ಹೇಗೋ ಎದ್ದರು. ಎದ್ದು ವರಾಂಡಕ್ಕೆ ಬಂದು ಕೂತ ಮೇಲೆ ಮನೆಯಲ್ಲಿ ಒಂದು ಹೊಸ ಶಾಂತಿ ನೆಲೆಸಿತು. ಇಂಗಿನ ಮಾತಿಲ್ಲ, ಮೆಂತ್ಯೆಯ ಮಾತಿಲ್ಲ. ಮಾಡಿದ್ದನ್ನು ಮಾತಾಡದೆ ಉಂಡು ಕೈ ತೊಳೆಯುತ್ತಿದ್ದರು. ಕಾಯಿಲೆ ಬಂದು ಮನುಷ್ಯ ಮೆತ್ತಗಾದರು, ದೇವರು ದೊಡ್ಡವನು ಎಂದುಕೊಂಡೆ. ಒಗ್ಗರಣೆಯನ್ನು ಹೇಗೆ ಬೇಕೋ ಹಾಗೆ ಹಾಕತೊಡಗಿದೆ. ಸುಳ್ಳೇಕೆ, ಕೆಲವು ವಾರ ಹಾಯಾಗಿಯೇ ಇದ್ದೆ.

ಒಂದು ದಿನ ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಒಣಹಾಕಲು ಮೇಲೆ ಹೋದವಳು ಪಕ್ಕದ ಮನೆಯವರೊಡನೆ ಮಾತಿಗೆ ನಿಂತೆ. ಸುಟ್ಟ ವಾಸನೆ ಮಾಳಿಗೆಯವರೆಗೆ ಬಂದು ಮುಟ್ಟಿತು. ಓಡಿ ಬಂದರೆ ಹಾಲು ಇಂಗಿಹೋಗಿ ಪಾತ್ರೆ ಕೆಂಪಗಾಗಿದೆ, ಅಡುಗೆಮನೆ ತುಂಬ ಕಮಟು ಹೊಗೆ. ಅದರ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಮಾವನವರು ಒಳಗೆ ಬೆನ್ನು ಮಾಡಿ ನೆಮ್ಮದಿಯಾಗಿ ಪೇಪರು ಓದುತ್ತಿದ್ದಾರೆ.

ನನ್ನ ಮುಖ ನೋಡಿ ಹಿಂದೆ ತಿರುಗಿದರು. ಹೊಗೆ ನೋಡಿದರು. ಪೇಪರು ಮಡಿಚಿದರು.

“ಯವ್ವಾ, ಜ್ವರಾ ಬಂದು ಹೋದಾಗಿಂದ ವಾಸನಿ ಬರವಲ್ದು.”

“ಯಾವುದ್ರಿ ಮಾವಾರ?”

“ಯಾವುದೂ. ಸಾಬಾನಿಲ್ಲ, ಊದಿನಕಡ್ಡಿಲ್ಲ. ಡಬ್ಬಿ ತಗದು ಸಿಗಾರ ಮೂಸಿದ್ನಿ. ಒಣಾ ಕಡ್ಡಿ ಹಿಡಕೊಂಡಂಗ ಆತು. ಯಾರ ಮುಂದೂ ಹೇಳಬ್ಯಾಡ, ನನ್ನ ಮಗನ ಮುಂದೂ.”

ಈ ಊರಿನಲ್ಲಿ ಅವರಿಗೆ ಭಾಷೆ ಅರ್ಧ ಬರುತ್ತಿತ್ತು, ಗೆಳೆಯರು ಇಬ್ಬರೇ. ಭಾನುವಾರದ ಆ ಕುರ್ಚಿಯಲ್ಲಿ ಮಾತ್ರ ಅವರು ಹಳೆಯ ಸ್ಟೇಷನ್ ಮಾಸ್ತರರು. ಮೂಗು ಹೋದರೆ ಆ ಕುರ್ಚಿಯೂ ಹೋದಂತೆ. ಮರುದಿನ ದೇವಸ್ಥಾನದ ನೆಪ ಹೇಳಿ ನಾನೇ ಅವರನ್ನು ಆಟೋದಲ್ಲಿ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, ಜ್ವರದ ಮೇಲೆ ಹೀಗಾಗುವುದುಂಟು, ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು.

ಕೆಮ್ಮು ಇನ್ನೂ ಹೋಗಿಲ್ಲ ಎಂದು ಹೇಳಿ ಎಷ್ಟೋ ಭಾನುವಾರಗಳನ್ನು ದಾಟಿಸಿದೆವು. ಆದರೆ ಚಳಿ ಬೀಳುವ ಹೊತ್ತಿಗೆ ಮೈಸೂರಿನವರಿಗೆ ವರ್ಗವಾಯಿತು. ಹೋಗುವ ಮುಂಚೆ ಕೊನೆಯದೊಂದು ಬೈಠಕ್ ಆಗಲೇಬೇಕು, ಕಾದಿಟ್ಟ ಒಳ್ಳೆಯ ಹವಾನಾ ತರುತ್ತೇನೆ, ದಿಂಡಿಗಲ್ಲೋ ಹವಾನಾವೋ ಒಂದು ತೀರ್ಮಾನವಾಗಲಿ ಎಂದು ಪಟ್ಟು ಹಿಡಿದರು. ಇಲ್ಲವೆನ್ನುವುದು ಹೇಗೆ?

ಶನಿವಾರ ಸಂಜೆಯೇ ಬಂದು ಹವಾನಾ ಕೊಟ್ಟುಹೋದರು. ಅವರು ಹೋದ ಮೇಲೆ ಮಾವನವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೇಳಲು ಬಂದದ್ದನ್ನು ಕೇಳಲಾಗದೆ ಬಾಗಿಲ ಚಿಲಕ ಆಡಿಸುತ್ತಿದ್ದರು. ನಾನೇ ಹೇಳಿದೆ.

“ಹಸರು ದಾರ ಹವಾನಾಕ್ಕ ಕಟ್ಟತೀನ್ರಿ. ಬಿಳಿದು ನಮ್ಮದಕ್ಕ. ನೆಪ್ಪಿರಲಿ.”

“ಹಸರು ಹವಾನಾ,” ಎಂದು ಪಾಠ ಒಪ್ಪಿಸುವ ಹುಡುಗನಂತೆ ಹೇಳಿ ತಲೆ ತಗ್ಗಿಸಿಕೊಂಡು ಹೋದರು. ಒಳ್ಳೆಯ ಅಡುಗೆಯನ್ನೂ ಒಪ್ಪದ ಮನುಷ್ಯ ನನ್ನ ದಾರವನ್ನು ನಂಬಿಕೊಂಡು ಹೋದದ್ದು ನೋಡಿ ಅಳು ಬಂತು.

ಭಾನುವಾರ ಬೆಳಿಗ್ಗೆ ಎಲ್ಲ ಕೆಲಸವೂ ಒಟ್ಟಿಗೇ ಬಂತು. ಅತಿಥಿಗಳಿಗೆಂದು ಒಂದು ಬುಟ್ಟಿ ಕಿತ್ತಳೆ ಸುಲಿದಿಟ್ಟೆ, ಉಪ್ಪಿಟ್ಟಿಗೆ ರವೆ ಹುರಿದೆ, ಅದೇ ಕೈಯಲ್ಲಿ ಸಿಗಾರು ತುಂಡು ಮಾಡಿ ದಾರ ಕಟ್ಟಲು ಕೂತೆ. ಉಂಗುರ ಬಿಚ್ಚಿದ ಮೇಲೆ ಎರಡೂ ಒಂದೇ ಬಣ್ಣ, ಒಂದೇ ದಪ್ಪ. ಬೇರೆ ದಿನವಾದರೆ ಮೂಸಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಅಂದು ಉಗುರು ಸಂದಿಯಿಂದ ಸೆರಗಿನವರೆಗೆ ನಾನೇ ಕಿತ್ತಳೆಯಾಗಿದ್ದೆ. ತುಂಡುಗಳನ್ನು ಅದದರ ಉಂಗುರದ ಪಕ್ಕ ಗುಂಪು ಮಾಡಿಟ್ಟಿದ್ದೆ; ನಡುವೆ ಹಾಲಿನವನು ಕೂಗಿದ, ಎದ್ದು ಹೋಗಿ ಬಂದೆ, ಅವಸರದಲ್ಲಿ ಕಟ್ಟಿ ಮುಗಿಸಿದೆ.

ಮೂವರೂ ಕೂತರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಒರಗಿ ನಿಂತೆ. ಹಚ್ಚುವ ಮೊದಲು ತುಂಡನ್ನು ಮೂಗಿನಡಿ ಹಿಡಿದು ಉಸಿರೆಳೆಯುವುದು ಅವರ ಪದ್ಧತಿ. ಮಾವನವರು ಬಿಳಿ ದಾರದ್ದನ್ನು ಹಿಡಿದು ಎಳೆದರು, ಇಟ್ಟರು. ಹಸಿರಿನದನ್ನು ಹಿಡಿದರು. ಎಳೆದರು. ಇಡಲಿಲ್ಲ. ಇನ್ನೊಮ್ಮೆ ಎಳೆದರು, ಕಣ್ಣು ಮುಚ್ಚಿದರು.

“ಹೇಳಿ ಸಾರ್, ನೀವೇ ಮೊದಲು,” ಎಂದರು ಮೈಸೂರಿನವರು.

“ಹಸರು ನಮ್ಮ ದಿಂಡಿಗಲ್ಲಿಂದು,” ಎಂದರು ಮಾವನವರು.

ಹೇಳಿಕೊಟ್ಟದ್ದು ಮರೆತುಬಿಟ್ಟರೇ? ಗಾಬರಿಯಲ್ಲಿ ತಿರುಗಾಮುರುಗಾ ಹೇಳಿದರೇ? ಅವರ ಕಣ್ಣಿಗೆ ಬೀಳಲೆಂದು ಚಹಾದ ಲೋಟ ಮುಂದೆ ಹಿಡಿದು ಕಣ್ಣಲ್ಲೇ ಇಲ್ಲ ಎಂದೆ. ಅವರು ನನ್ನತ್ತ ನೋಡಿಯೂ ನೋಡದಂತೆ ಆ ತುಂಡನ್ನು ಮೂಗಿಗೇ ಒತ್ತಿಕೊಂಡಿದ್ದರು.

“ವಿಚಾರ ಮಾಡಿ ಹೇಳ್ರಿ ಮಾವಾರ,” ಎಂದೆ ತಡೆಯಲಾರದೆ.

“ವಿಚಾರ ಏನು ಮಾಡೂದೈತಿ? ಕಿತ್ತಳಿ ಸಿಪ್ಪಿ ವಾಸನಿ ಬರಾಕತ್ತೈತಿ. ಇದು ನಮ್ಮ ಡಬ್ಬಿದು.” ಅವರ ದನಿ ನಡುಗಿತು. “ಯವ್ವಾ, ವಾಸನಿ ಬರಾಕತ್ತೈತಿ.”

ಮೈಸೂರಿನವರು ಉಂಗುರದ ಡಬ್ಬಿ ತೆರೆದರು. ಹಸಿರು ದಾರ ಸುತ್ತಿದ್ದು ದಿಂಡಿಗಲ್ಲಿನ ಉಂಗುರಕ್ಕೆ. ಹಾಲಿನವನ ಕೂಗಿಗೆ ಎದ್ದುಹೋಗಿ ಬಂದವಳು ನಾನು ಉಂಗುರದ ಹೆಸರು ನೋಡದೆ ದಾರವನ್ನೇ ಅದಲುಬದಲು ಕಟ್ಟಿದ್ದೆ. ಹೇಳಿಕೊಟ್ಟವಳು ತಪ್ಪಿದ್ದೆ, ಮೂಗು ತಪ್ಪಿರಲಿಲ್ಲ.

“ಒಂದ್ನಿಮಿಷ ಸಾರ್,” ಎಂದರು ಮೈಸೂರಿನವರು. “ಸಿಪ್ಪೆ ಅಂದ್ರೆ? ಇಷ್ಟು ವರ್ಷ ನಾನು ಹಣ್ಣಿನ ಘಮ ಅಂತ ಹೊಗಳಿದ್ದು ನಾಗಪುರದ ಕಿತ್ತಳೆನಾ?”

“ಹೌದ್ರಿ. ಹವಾನಾನ ಚಲೋ. ಒಪ್ಪಿದೆ ಬಿಡ್ರಿ,” ಎಂದರು ಮಾವನವರು. ವರ್ಷಗಟ್ಟಲೆಯ ವ್ಯಾಜ್ಯವನ್ನು ಎಂಜಲು ಎಲೆ ಎಸೆದಂತೆ ಎಸೆದುಬಿಟ್ಟರು. ಸೋತವರ ಮುಖ ಅಷ್ಟು ಬೆಳಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಮೈಸೂರಿನವರು ಸಿಟ್ಟಾಗಬೇಕೆಂದು ನೋಡಿ, ಆಗದೆ ನಕ್ಕರು. ಕನ್ನಡದ ಒಂದಕ್ಷರವೂ ತಿಳಿಯದ ಮೇಷ್ಟರು, “ಬರೋಬರ್, ಬರೋಬರ್” ಎಂದರು.

ಅವರೆಲ್ಲ ಹೋದ ಮೇಲೂ ಮಾವನವರು ವರಾಂಡದಲ್ಲೇ ಕೂತಿದ್ದರು. ಸಾಬಾನಿನ ತುಂಡು, ಪೇಪರು, ಹೆಗಲ ಮೇಲಿನ ಟವಲು, ಸಿಕ್ಕಿದ್ದನ್ನೆಲ್ಲ ಮೂಸಿ ಇಡುತ್ತಿದ್ದರು. ಕೆಲವಕ್ಕೆ ಬರುತ್ತಿತ್ತು, ಕೆಲವಕ್ಕೆ ಇನ್ನೂ ಬರುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು. ನಾನು ಒಳಗೆ ಬ್ಯಾಳಿಗೆ ಒಗ್ಗರಣೆ ಕೊಡುತ್ತಿದ್ದೆ. ಸಾಸಿವೆ ಸಿಡಿಯಿತು, ಕರಿಬೇವು ಚಟಪಟ ಎಂದಿತು.

“ಯವ್ವಾ, ಬ್ಯಾಳಿಗೆ ಇಂಗು ಹಾಕಿಲ್ಲಲ್ಲ.”

ಸೌಟು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಮಾತನ್ನು ಇನ್ನೊಮ್ಮೆ ಕೇಳಲು ಎಷ್ಟು ಕಾದಿದ್ದೆನೆಂದು ಕೇಳಿದ ಮೇಲೆಯೇ ತಿಳಿದದ್ದು. ಸೆರಗಿನಿಂದ ಕಣ್ಣೊರೆಸಿಕೊಂಡು, “ಹಾಕತೀನ್ರಿ ಮಾವಾರ” ಎಂದು ಎದ್ದು ಡಬ್ಬಿ ತೆರೆದೆ. ಅದರಲ್ಲಿ ಇಂಗು ಮುಗಿದು ಎಷ್ಟು ದಿನವಾಗಿತ್ತೋ, ನನಗೂ ಗೊತ್ತಿರಲಿಲ್ಲ.