ಬಿಚ್ಚದೆ ಬಂದ ಬುತ್ತಿ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ನಮ್ಮ ಯಜಮಾನರು ಆಗ ಲೋಕಲ್ ಬೋರ್ಡಿನ ಅಧ್ಯಕ್ಷರು. ಹಳ್ಳಿಗಳ ಶಾಲೆ, ರಸ್ತೆ, ಬಾವಿ, ದವಾಖಾನೆ ನೋಡಿಕೊಳ್ಳಲು ಜನ ಆರಿಸಿದ ಸಭೆ ಅದು. ಕಚೇರಿ ಬಿಜಾಪುರದಲ್ಲಿ, ಮನೆ ಬಬಲೇಶ್ವರದಲ್ಲಿ. ನನಗೆ ಯಾರೂ ಹುದ್ದೆ ಕೊಟ್ಟಿರಲಿಲ್ಲ. ಆದರೆ ಅವರ ಫಿರತಿಗೆ, ಅಂದರೆ ಹಳ್ಳಿ ಸುತ್ತುವ ಪ್ರವಾಸಕ್ಕೆ, ಬುತ್ತಿ ಕಟ್ಟುವ ಕೆಲಸ ನನ್ನದೇ ಆಗಿತ್ತು.

ಅದಕ್ಕೆ ಕಾರಣವಿತ್ತು. ಒಮ್ಮೆ ಮಮದಾಪುರದಲ್ಲಿ ಒಬ್ಬ ಗುತ್ತಿಗೆದಾರನ ಮನೆಯಲ್ಲಿ ಹೋಳಿಗೆ ಉಂಡು ಬಂದರು. ಮರುದಿನ ಬೆಳಗಾಗುವಷ್ಟರಲ್ಲಿ ಆತ ಕೆರೆ ದುರಸ್ತಿಯ ಕೆಲಸ ಕೇಳಿಕೊಂಡು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದ. ಅಂದಿನಿಂದ ಅಧಿಕಾರ ಇರುವತನಕ ಹೊರಗಿನ ಅನ್ನ ಬೇಡ ಎಂದುಬಿಟ್ಟರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು. ನಾನು ಕಟ್ಟುತ್ತಿದ್ದೆ, ಅವರು ಯಾವುದಾದರೂ ಮರದ ಕೆಳಗೆ ಉಣ್ಣುತ್ತಿದ್ದರು.

ಆ ಸಲ ಕಳ್ಳಕವಟಗಿಯಲ್ಲಿ ಶಾಲೆಯ ಜಾಗದ ಜಗಳ ತೀರಿಸಲು ಹೊರಟರು. ಪೆಟ್ರೋಲ್ ಸಿಗದ ಕಾಲ, ಎತ್ತಿನ ಡಮಣಿಯಲ್ಲೇ ಪ್ರಯಾಣ. ತಿಕೋಟಾ ಮುಟ್ಟುವಷ್ಟರಲ್ಲಿ ಮೈ ಕೆಂಡವಾಗಿತ್ತಂತೆ. ಚಾವಡಿಯಲ್ಲಿ ಮಲಗಿಸಿದರು. ಜೊತೆಗಿದ್ದ ಬೋರ್ಡಿನ ಜವಾನ, ಪಟ್ಟೇವಾಲ ಸಿದ್ದಪ್ಪ, ಡಾಕ್ಟರನ್ನು ಕರೆತರಲು ಬಿಜಾಪುರಕ್ಕೆ ಓಡಿದ. ಡಾಕ್ಟರು ಬಂದಾಗ ಯಜಮಾನರ ಉಸಿರು ನಿಂತಿತ್ತು.

ಬಿಜಾಪುರದಲ್ಲಿ ಕಚೇರಿ ಮುಚ್ಚಿದರು, ಹಾರ ಹಾಕಿದರು, ಭಾಷಣ ಮಾಡಿದರು. ಅಧಿಕಾರದಲ್ಲಿದ್ದಾಗಲೇ ಹೋದ ಪುಣ್ಯವಂತ ಎಂದರು. ದಾರಿಯಲ್ಲಿ ಬೀಳಲಿಲ್ಲ, ನೆರಳಲ್ಲಿದ್ದರು, ಅದೂ ಶಿವನ ಕೃಪೆಯೇ ಎಂದು ನಾನೂ ಕೈ ಮುಗಿದೆ. ಆದರೆ ನನಗೆ ತಿಳಿಯಬೇಕಾದದ್ದು ಒಂದೇ ಇತ್ತು. ಅವರು ಹಸಿದು ಹೋದರೇ?

ಸಿದ್ದಪ್ಪನನ್ನು ಕೇಳಿದೆ. ಅವನು ನೆಲ ನೋಡಿದ.

"ಬುತ್ತಿ ಬಿಚ್ಚಲಿಲ್ರಿ ಅವ್ವಾರ. ರೊಟ್ಟಿ ಅಗಿಯಾಕ ತ್ರಾಣ ಇರಲಿಲ್ಲ. ಹಾಲು ತಂದವ್ರನ್ನ ನಾನ ಹೊಳ್ಳಿ ಕಳಿಸಿದ್ನಿರಿ, ಸಾಹೇಬ್ರು ಹೊರಗಿಂದು ಮುಟ್ಟೂದಿಲ್ಲಂತ."

ಅವನದೇನು ತಪ್ಪು? ನಿಯಮ ಪಾಲಿಸಿದ್ದ. ಆದರೆ ಅಂದಿನಿಂದ ನಾನು ಉಣ್ಣಲು ಕುಳಿತು ಹಾಗೇ ಎದ್ದುಬಿಡುತ್ತಿದ್ದೆ.

ಮಣ್ಣು ಮಾಡಿದ ಮುಂದಿನ ವಾರ ತಿಕೋಟಾದಿಂದ ಹುಸೇನಬಿ ಎಂಬ ಮುದುಕಿ ಬಂದಳು. ಚಾವಡಿಯ ಹಿಂದೆಯೇ ಆಕೆಯ ಮನೆಯಂತೆ. ನನ್ನ ಕೈ ಹಿಡಿದು ಕುಳಿತಳು.

"ಪಟ್ಟೇವಾಲ ಹೋಗೂಮುಂದ ಬಾಗಲ ಕಾಯಾಕ ಊರ ವಾಲಿಕಾರನ್ನ ಕುಂಡ್ರಿಸಿ ಹೋಗಿದ್ದ. ಲೇ, ಆ ಕಡೆ ಸರಿ, ಜ್ವರಕ್ಕ ಅಧ್ಯಕ್ಷಗಿರಿ ತಿಳೀತೈತೇನು ಅಂದೆ. ಜೋಳದ ಅಂಬಲಿ ಒಯ್ದಿದ್ದೆ. ಮೊದಲ ಕೈ ಅಡ್ಡ ಹಿಡದ್ರು. ಆಮ್ಯಾಲ ನನ್ನ ಮಾರಿ ನೋಡಿ, ಬೋರ್ಡಿನಾಗ ನಿಂದೇನರ ಕೆಲಸ ಐತೇನ ಯವ್ವಾ ಅಂದ್ರು. ಏನೂ ಇಲ್ಲೋ ಯಪ್ಪಾ ಅಂದೆ. ಹಂಗಾರ ಕೊಡು ಅಂದ್ರು."

"ಕುಡದ್ರೇನಬೇ?"

"ಅರ್ಧಾ ಬಟ್ಟಲ ಕುಡದ್ರು. ನಮ್ಮಾಕಿ ಇನ್ನಷ್ಟ ಉಪ್ಪ ಹಾಕತಾಳ ಅಂದ್ರು."

ಅಲ್ಲಿಯವರೆಗೆ ಅಳದ ನಾನು ಅಂದು ಅತ್ತೆ. ಆ ಬಟ್ಟಲು ನನ್ನ ಕೈಯಲ್ಲಿರಬೇಕಿತ್ತು ಎಂಬ ಆಸೆ ಇಂದಿಗೂ ತೀರಿಲ್ಲ.

ಹೊರಟು ನಿಂತಾಗ, ಹೊಸ ಅಧ್ಯಕ್ಷರಿಗೆ ಏನಾದರೂ ಹೇಳಿಸಲೇ ಎಂದು ಆಕೆಯನ್ನು ಕೇಳಿದೆ. ಮುದುಕಿ ನಕ್ಕಳು.

"ನಮ್ಮ ಓಣಿ ಬಾವಿ ಕುಸದ ಬಿದ್ದೈತಿ ನೋಡವ್ವಾ. ಖರೇ, ನೀ ಹೇಳಬ್ಯಾಡ. ನಿನ್ನ ಯಜಮಾನ್ರ ಮುಂದ ಏನೂ ಇಲ್ಲ ಅಂದೀನಿ. ಈಗ ಕೇಳಿದ್ರ ನಾ ಕೊಟ್ಟ ಅಂಬಲಿ ಲಂಚ ಆಗತೈತಿ."

ಅಧಿಕಾರಸ್ಥರ ಒಲೆಯ ಮುಂದೆ ದುಡಿದು ನಾನು ಕಲಿತದ್ದು ಇದು: ನಿಷ್ಠೆ ಎಂಬುದು ಕುರ್ಚಿಯಲ್ಲಿ ಕುಳಿತವರ ಸ್ವತ್ತಲ್ಲ. ನಮ್ಮ ಯಜಮಾನರ ನೇಮವನ್ನು ಅವರಿಗಿಂತ ಗಟ್ಟಿಯಾಗಿ ಹಿಡಿದವಳು ನೀರಿಗಾಗಿ ದೂರದ ಬಾವಿಗೆ ಕೊಡ ಹೊತ್ತು ನಡೆಯುತ್ತಿದ್ದಳು.